ನಾಳೆ ನೋಡೋಣ ಅಂದ ಅಣ್ಣ

ತಲೆನೋವು ಬಂದರೆ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೊರಡುವವರೇ ನಮ್ಮ ಬೀದಿಯಲ್ಲಿ ಹೆಚ್ಚು. ಬಿಪಿ ಮಾತ್ರೆಯಂತೂ ಒಮ್ಮೆ ಮುಗಿದರೆ ಮತ್ತೆ ಕೊಳ್ಳುವವರಿಲ್ಲ. ನಾನು ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವವಳು. ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ, ಕೇಳುವವರಿಗೆ ನಾನೊಬ್ಬಳು ಪುಕ್ಕಲಿ.

ಬೀದಿಯ ಕೊನೆ ಮನೆಯಲ್ಲಿ ಅಣ್ಣತಮ್ಮಂದಿರು ಇದ್ದಾರೆ. ಇಬ್ಬರೂ ಗೋಡೆಗೆ ಬಣ್ಣ ಬಳಿಯುವವರು. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಏಣಿಯ ಮೇಲಿದ್ದ ತಮ್ಮನ ಕೈಯಿಂದ ಬ್ರಷ್ ಜಾರಿತು. ಬಲಗೈ ಮೇಲೇಳಲಿಲ್ಲ, ಬಾಯಿ ತುಸು ಸೊಟ್ಟಗಾಯಿತು. ಅಣ್ಣ ತಡಮಾಡದೆ ಅವನನ್ನು ಆಸ್ಪತ್ರೆಗೆ ಕರೆತಂದ. ಅಷ್ಟರಮಟ್ಟಿಗೆ ಅವನು ಮಾಡಿದ್ದು ಸರಿ.

ಮೆದುಳೊಳಗೆ ರಕ್ತ ಸೋರಿರುವುದು ಸ್ಕ್ಯಾನಿನಲ್ಲಿ ಬಿಳಿ ಕಲೆಯಾಗಿ ಕಂಡಿತು. ಕಲೆ ಚಿಕ್ಕದೇ, ಗೋಲಿಯಷ್ಟು. ಆದರೆ ಅದರ ಅಂಚು ನೆಟ್ಟಗಿರಲಿಲ್ಲ, ಒಳಗಿನ ಬಿಳುಪೂ ಒಂದೇ ಸಮ ಇರಲಿಲ್ಲ. ಅಂಥ ಕಲೆ ಕೆಲವೇ ಗಂಟೆಗಳಲ್ಲಿ ಬೆಳೆಯುವ ಸಂಭವ ಹೆಚ್ಚು, ಇಲ್ಲೇ ಇರಿಸಿಕೊಂಡು ಬಿಪಿ ಇಳಿಸಬೇಕು, ಸಂಜೆಯೊಳಗೆ ಇನ್ನೊಂದು ಸ್ಕ್ಯಾನ್ ಆಗಬೇಕು ಎಂದು ಡಾಕ್ಟರು ಹೇಳಿದರು.

ಅಣ್ಣನಿಗೆ ನಂಬಿಕೆ ಬರಲಿಲ್ಲ. ತಮ್ಮ ಮಾತಾಡುತ್ತಿದ್ದಾನೆ, ಅಂತೂ ಒಂದು ದಿನ ರಜೆ ಸಿಕ್ಕಿತೆಂದು ಅಣ್ಣನನ್ನೇ ಗೇಲಿ ಮಾಡುತ್ತಿದ್ದಾನೆ. ಇವನಿಗೇನಾಗಿದೆ ಎಂದು ಅವನ ವಾದ. ಅವನ ಕಸುಬಿನ ಮಾತಲ್ಲೇ ತಿಳಿಸಲು ಹೋದೆ.

"ಅಣ್ಣಾ, ಗೋಡೆ ಮೇಲೆ ಒದ್ದೆ ಕಲೆ ಕಂಡ್ರೆ ಏನು ಮಾಡ್ತೀರಿ?"

"ಸುತ್ತ ಪೆನ್ಸಿಲ್ ಗೆರೆ ಎಳೀತೀವಿ. ಮಾರನೇ ದಿನ ಗೆರೆ ದಾಟಿದ್ರೆ ಒಳಗೆ ಇನ್ನೂ ಸೋರ್ತಿದೆ ಅಂತ."

"ಇದೂ ಹಾಗೇನೇ. ಎರಡನೇ ಸ್ಕ್ಯಾನ್‌ನಲ್ಲಿ ಅದನ್ನೇ ನೋಡೋದು."

ಅವನು ತಲೆಯಾಡಿಸಿದ. ಅರ್ಥವಾಯಿತೆಂದುಕೊಂಡು ನಾನು ಮುಂದಿನ ರೋಗಿಯ ಕಡೆ ಹೋದೆ. ಅವನ ತಲೆಗೆ ಹೋದದ್ದು 'ಮಾರನೇ ದಿನ' ಅಷ್ಟೇ. ಒದ್ದೆ ಕಲೆಗೆ ಒಂದು ದಿನ ಬಿಟ್ಟು ನೋಡುವುದು ಅವರ ಕೆಲಸದ ರೂಢಿ. ನಾಳೆ ಬಂದು ತೋರಿಸುತ್ತೇವೆ ಎಂದು ಸಹಿ ಹಾಕಿ ತಮ್ಮನನ್ನು ಮನೆಗೆ ಕರೆದೊಯ್ದ. ತಮ್ಮನ ಹೆಂಡತಿ ಬೇಡವೆಂದಳಂತೆ, ಅವಳ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆ ಒಂದು ದಿನ ತಡೆಯುತ್ತದೆ, ತಲೆ ತಡೆಯುವುದಿಲ್ಲ ಎಂದು ನಾನು ಅಂದೇ ಹೇಳಬೇಕಿತ್ತು. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಮಧ್ಯಾಹ್ನ ಮೂರಕ್ಕೆ ತಮ್ಮ ವಾಂತಿ ಮಾಡಿಕೊಂಡ. ಆಮೇಲೆ ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಮತ್ತೆ ಹೊತ್ತು ತಂದಾಗ ಸ್ಕ್ಯಾನ್ ತೆಗೆದವಳೂ ನಾನೇ. ಕಲೆ ಮೂರು ಪಟ್ಟು ಬೆಳೆದಿತ್ತು. ಆಪರೇಷನ್ ಆಗಿ ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು.

ಆಸ್ಪತ್ರೆಯಲ್ಲೇ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಸುಳ್ಳು ಹೇಳಲಾರೆ. ತಡೆಯುವುದಕ್ಕೆ ಒಂದು ಅವಕಾಶವಾದರೂ ಇರುತ್ತಿತ್ತು.

ಕಳೆದ ತಿಂಗಳು ಅವರ ತಾಯಿಯ ನಾಲಿಗೆ ತೊದಲಿತು. ಅಣ್ಣನೇ ಎತ್ತಿಕೊಂಡು ಓಡಿ ಬಂದ. ತೊದಲು ಶುರುವಾದ ಗಂಟೆ ಬರೆದುಕೊಂಡಿದ್ದ, ಅವರು ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತಂದಿದ್ದ. ಅವರ ಮೆದುಳಲ್ಲೂ ರಕ್ತ ಸೋರಿತ್ತು. ಎರಡನೇ ಸ್ಕ್ಯಾನ್ ಯಾವಾಗ ಎಂದು ಅಣ್ಣ ನಾಲ್ಕು ಸಲ ಕೇಳಿದ. ರಕ್ತ ಹೆಚ್ಚಲಿಲ್ಲ. ವಾರದ ಮೇಲೆ ತಾಯಿ ನಡೆದುಕೊಂಡೇ ಮನೆಗೆ ಹೋದರು.

"ಅವನಿಗೂ ಇಷ್ಟೇ ಮಾಡಬೇಕಿತ್ತು, ಅಲ್ವೇನಮ್ಮಾ?" ಎಂದ ಅಣ್ಣ.

ಇದನ್ನು ಓದುತ್ತಿರುವವರೇ, ಮನೆಯಲ್ಲಿ ಯಾರಿಗಾದರೂ ದಿಢೀರನೆ ಕೈಕಾಲು ಸೋತರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಎಂದೂ ಇಲ್ಲದಂಥ ತಲೆನೋವು ಬಂದರೆ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಶುರುವಾದ ಗಂಟೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮರೆಯದೆ ಹೇಳಿ. ಕಲೆ ಚಿಕ್ಕದೆಂದು, ರೋಗಿ ನಗುತ್ತಿದ್ದಾನೆಂದು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋಗಬೇಡಿ. ಡಾಕ್ಟರು ಇನ್ನೊಂದು ಸ್ಕ್ಯಾನ್ ಬೇಕೆಂದರೆ ಅಲ್ಲೇ ಇದ್ದು ಮಾಡಿಸಿ. ಕೊನೆ ಮನೆಯ ತಮ್ಮ ಬಾಯಿ ತುಂಬ 'ಅಣ್ಣಾ' ಎಂದು ಕರೆದು ಐದು ತಿಂಗಳಾಯಿತು.