ಗೇಟಿನ ಹೊರಗೆ ನಲವತ್ತು ನಿಮಿಷ

ಅಣಕು ತಾಲೀಮಿನ ರೋಗಿಯಾಗಿ ಉಮಾಕಾಂತ ಸಾಹೇಬ ತಾನಾಗಿಯೇ ಸ್ಟ್ರೆಚರ್ ಮೇಲೆ ಮಲಗಿದ. ಪೇಪರಿನಲ್ಲಿ ಫೋಟೊ ಚೆನ್ನಾಗಿ ಬರಲಿ ಎಂದು! ಹೀಗೆ ಕೈಗೆ ಸಿಕ್ಕವನನ್ನು ಬಿಟ್ಟುಬಿಡುವಷ್ಟು ದೊಡ್ಡ ಮನಸ್ಸು ಲಕ್ಷ್ಮವ್ವನಿಗಿರಲಿಲ್ಲ. ಯಾಕಿರಬೇಕು?

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾಲಾ ಉಕ್ಕಿ, ಅವಳ ಕಾಲೊನಿಗಿದ್ದ ಒಂದೇ ರಸ್ತೆ ಮುಳುಗಿತ್ತು. ಅದೇ ಹೊತ್ತಿಗೆ ಅವಳ ಗಂಡ ನಂದೀಶನಿಗೆ ಎದೆನೋವು. ಕಾಲೊನಿಯ ಹಿಂದಿದ್ದ ಸಂರಕ್ಷಿತ ಉದ್ಯಾನದೊಳಗಿಂದ ಆಸ್ಪತ್ರೆಗೆ ದಾರಿಯಿತ್ತು, ಗೇಟಿಗೆ ಬೀಗ. ಉದ್ಯಾನದ ಅಧಿಕಾರಿ ಈ ಉಮಾಕಾಂತನೇ. ಫೋನಿನಲ್ಲಿ ಅವನ ಧಾರವಾಡದ ಮಾತು ಕೇಳಿ, ಗದಗಿನಿಂದ ನಾಗಪುರಕ್ಕೆ ಬಂದಿದ್ದ ಲಕ್ಷ್ಮವ್ವನಿಗೆ ಹೋದ ಜೀವ ಬಂದಂತಾಗಿತ್ತು.

"ನೀವು ನಮ್ಮವರ ಖರೆ, ತಂಗಿ, ಆದರ ಕಾಯ್ದೆ ಅಂದ್ರ ಕಾಯ್ದೆ. ಲಿಖಿತ ಅನುಮತಿ ತಗೊಂಡು ಬರ್ರಿ" ಎಂದು ಅವನು ಫೋನಿಟ್ಟಿದ್ದ. ಗೇಟಿನೆದುರು ಆಟೊದಲ್ಲಿ ನಲವತ್ತು ನಿಮಿಷ ಒದ್ದಾಡಿ ನಂದೀಶ ಸತ್ತ.

ಆಮೇಲೆ ವಿಧಾನಸಭೆಯ ಚಳಿಗಾಲದ ಅಧಿವೇಶನ ನಾಗಪುರಕ್ಕೆ ಬಂದಾಗಲೆಲ್ಲ ಅವಳು ಗಂಡನ ಫೋಟೊ ಹಿಡಿದು ಫುಟ್‌ಪಾತಿನಲ್ಲಿ ಕೂತಳು. ಕೊನೆಗೂ ಕಾಯ್ದೆಯಾಯಿತು: ಸಂರಕ್ಷಿತ ಉದ್ಯಾನದಲ್ಲೂ ತುರ್ತು ರಸ್ತೆ ಬಿಡಬೇಕು, ಗೇಟಿನ ಕೀಲಿ ಕಾಲೊನಿಯವರ ಕೈಯಲ್ಲಿರಬೇಕು, ರೋಗಿಯನ್ನು ಸಾಗಿಸುವ ಅಣಕು ತಾಲೀಮು ನಡೆಸಿ ವರದಿ ಕಳಿಸಬೇಕು. ಕೀಲಿಯನ್ನು ಎಲ್ಲರೂ ಸೇರಿ ಲಕ್ಷ್ಮವ್ವನಿಗೇ ಕೊಟ್ಟರು. ಇವತ್ತು ಆ ತಾಲೀಮಿನಲ್ಲಿ ನೋಡಿದರೆ, ನಿವೃತ್ತನಾದ ಈ ಭಂಡ ಮೈಕ್ ಹಿಡಿದು "ಈ ಕಾಯ್ದೆ ತಂದಾವ ನಾನ" ಅನ್ನುತ್ತಾನೆ! ಅವಳ ಗುರುತೂ ಅವನಿಗೆ ಹತ್ತಲಿಲ್ಲ.

ಮೇ ತಿಂಗಳ ನಡುಮಧ್ಯಾಹ್ನ. ಕಾಲೊನಿಯ ಗಂಡಸರು ಅವನಿಗೆ ಬೆಲ್ಟು ಬಿಗಿದು, ಗೇಟಿನ ಹೊರಗೆ ಇಳಿಸಿ ಬೇವಿನ ನೆರಳಿಗೆ ಸರಿದರು. ಒಳಗೆ ಆಂಬುಲೆನ್ಸ್ ನಿಂತಿತ್ತು. ಅದರ ಮುಂದೆ ಸ್ಟೂಲು ಹಾಕಿಕೊಂಡು ಲಕ್ಷ್ಮವ್ವ ಕೂತಿದ್ದಳು.

"ಜಲ್ದಿ ತೆಗೀರಿ, ಬಿಸಿಲೈತಿ."

"ಲಿಖಿತ ಅನುಮತಿ ಐತೇನ್ರಿ?"

ಅವನು ನಕ್ಕ. ಹತ್ತು ನಿಮಿಷಕ್ಕೆ ನಗು ನಿಂತಿತು. ಇಪ್ಪತ್ತಕ್ಕೆ "ಬೀಗ ಒಡೀರೋ, ಸಾಯ್ತೀನಿ!" ಎಂದು ಕಿರುಚಿದ. ಬೀಗ ಒಡೆದರೆ ಕೇಸು ಎಂದು ಊರಿಗೆಲ್ಲ ಹೇಳಿಕೊಟ್ಟವನು ಅವನೇ ತಾನೇ? ಯಾರೂ ಅಲುಗಲಿಲ್ಲ.

"ಯಾರವ್ವಾ ನೀನು?"

"ನಂದೀಶನ ಹೆಂಡತಿ. ಇದ ಗೇಟಿನ್ಯಾಗ ಸತ್ತನಲ್ಲ, ಅವನ ಹೆಂಡತಿ."

ಬೆವರು ಸಾಹೇಬನ ಕಣ್ಣಿಗಿಳಿದರೂ, ಬೆಲ್ಟಿನಡಿ ಸಿಕ್ಕಿದ್ದ ಕೈಯಿಂದ ಒರೆಸಿಕೊಳ್ಳಲಾಗಲಿಲ್ಲ. ಅದನ್ನು ಅವಳು ಕಣ್ತುಂಬ ನೋಡಿದಳು.

ಸರಿಯಾಗಿ ನಲವತ್ತು ನಿಮಿಷಕ್ಕೆ ಬೀಗ ತೆಗೆದಳು. ವರದಿಯಲ್ಲಿ 'ರೋಗಿಯ ಸ್ಥಿತಿ' ಎಂಬಲ್ಲಿ 'ಸತ್ತ' ಎಂದು ಬರೆದಳು. ಅವನನ್ನು ಹಾಕಿಕೊಂಡು ಆಂಬುಲೆನ್ಸ್ ಆಸ್ಪತ್ರೆಯ ಕಡೆ ಓಡಿತು. ಲಕ್ಷ್ಮವ್ವನ ಎದೆ ಹಗುರಾಗಿತ್ತು, ಸುಳ್ಳೇಕೆ ಹೇಳಬೇಕು?

ಸ್ವಲ್ಪ ಹೊತ್ತಿಗೆ ಡ್ರೈವರ್ ಫೋನ್ ಮಾಡಿದ. "ಮಾವಶಿ, ದವಾಖಾನೆ ಮುಟ್ಟಿದ್ವಿ. ಬರೋಬರ್ ಏಳು ನಿಮಿಷ!"

ಏಳೇ ನಿಮಿಷ. ಅವತ್ತು ಗೇಟು ತೆಗೆದಿದ್ದರೆ ನಂದೀಶ ಬದುಕುತ್ತಿದ್ದ. ಲಕ್ಷ್ಮವ್ವ ಸ್ಟೂಲಿನಿಂದ ಮಣ್ಣಿಗೆ ಕುಸಿದು, ಎದೆ ಎದೆ ಬಡಿದುಕೊಂಡು ಅತ್ತಳು. ಆ ಪಾಪಿಯನ್ನು ಸಂಜೆಯ ತನಕ ಅಲ್ಲೇ ಬೇಯಿಸಬೇಕಿತ್ತು.