ಗಾಜಿನಾಚೆಯ ಹೆಣ್ಣು

ತಂಗಿಯ ಕೆಲಸ ನೊಣಗಳಿಗೆ ಮದುವೆ ಮಾಡಿಸುವುದು. ಮನೆಯವರು ಹಾಗೆಂದು ಗೇಲಿ ಮಾಡುತ್ತಿದ್ದರು, ಗೇಲಿಯಾದರೂ ಸುಳ್ಳೇನಲ್ಲ. ಕೊಳೆತ ಬಾಳೆಹಣ್ಣಿನ ವಾಸನೆ ಹೊಡೆಯುವ ಪ್ರಯೋಗಾಲಯದಲ್ಲಿ ಕೂತು, ಎಳ್ಳುಕಾಳಿನಷ್ಟು ಗಾತ್ರದ ಗಂಡುನೊಣಗಳಲ್ಲಿ ಒಂದಕ್ಕೆ ಗುಲಾಬಿ ಪುಡಿ, ಇನ್ನೊಂದಕ್ಕೆ ಹಸಿರು ಪುಡಿ ಹಚ್ಚುತ್ತಿದ್ದಳು. ಒಂದು ಹೆಣ್ಣು ಗುಲಾಬಿಯವನ ಜೊತೆ ಕೂಡುವುದನ್ನು ಗಾಜಿನಾಚೆಯಿಂದ ಇನ್ನೊಂದು ಹೆಣ್ಣು ನೋಡಬೇಕು. ಆಮೇಲೆ ಈ ನೋಡಿದವಳ ಮುಂದೆ ಹೊಸ ಗುಲಾಬಿಯವನೊಬ್ಬ, ಹೊಸ ಹಸಿರಿನವನೊಬ್ಬ. ಬಹಳ ಸಲ ಅವಳೂ ಗುಲಾಬಿಯವನನ್ನೇ ಆರಿಸುತ್ತಾಳೆ. ಇನ್ನೊಬ್ಬಳು ಒಪ್ಪಿದಳೆಂದರೆ ಅವನಲ್ಲಿ ಏನೋ ಇರಲೇಬೇಕಲ್ಲ!

ಇದನ್ನು ನೋಡಿ ನೋಡಿ ತಂಗಿಯ ನಿದ್ದೆ ಹಾರಿಹೋಗಿತ್ತು. ಅಕ್ಕ ತೀರಿಕೊಂಡು ವರ್ಷ ತುಂಬಿತ್ತು. ಭಾವ ಈಗ ತಂಗಿಯ ಮುಂದೆ ಮದುವೆಯ ಮಾತೆತ್ತಿದ್ದ. ಅವನ ಮೇಲೆ ಅವಳಿಗೆ ಹಿಂದಿನಿಂದಲೂ ಆಸೆ. ಆದರೂ ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ. ಈ ಆಸೆ ತನ್ನದೋ, ಅಕ್ಕ ಆರಿಸಿದ್ದನ್ನು ಕಂಡು ಹುಟ್ಟಿದ್ದೋ? ಸತ್ತವರು ಮನೆಯಲ್ಲೇ ಸುಳಿಯುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದಳು. ಅಕ್ಕ ಸುಳಿಯುತ್ತಿದ್ದುದು ಅವಳ ಮೈಯೊಳಗೇ. ಭಾವ ಅಂಗಿಯ ತೋಳು ಮಡಚಿದರೆ ಸಾಕು, ಚೆಂದ ಅಂದುಕೊಂಡದ್ದು ತಾನೋ ಅವಳೋ ತಿಳಿಯದೆ ಮೈ ಜುಮ್ಮೆನ್ನುತ್ತಿತ್ತು.

ಒಂದು ಸಂಜೆ ಭಾವನ ಅಡುಗೆಮನೆಯಲ್ಲಿ, ಅವನು ತಟ್ಟೆ ಒರೆಸುತ್ತಿದ್ದಾಗ, ಎಲ್ಲವನ್ನೂ ಹೇಳಿಬಿಟ್ಟಳು: ನೊಣ, ಪುಡಿ, ಗಾಜು.

"ಅಕ್ಕ ನಿಮ್ಮನ್ನ ಬೇಡ ಅಂದಿದ್ರೆ ನಾನು ತಿರುಗಿ ಸಹ ನೋಡ್ತಿರ್ಲಿಲ್ಲ ಭಾವ. ಇದು ನನ್ನ ಆಸೆ ಅಲ್ಲ."

ಭಾವ ತಟ್ಟೆ ಕೆಳಗಿಟ್ಟ. "ಅವಳು ಬೇಡ ಅಂತಲೇ ಅಂದಿದ್ಲು."

"ಏನು?"

"ನಾನು ಹೆಣ್ಣು ನೋಡೋಕೆ ಮೊದಲ ಸಲ ನಿಮ್ಮನೆಗೆ ಬಂದೆನಲ್ಲ, ಅವತ್ತು. ಈ ಸೊಟ್ಟ ಮೂಗಿನವನನ್ನ ಯಾರು ಕಟ್ಕೋತಾರೆ ಅಂತ ಒಳಗೆ ನಕ್ಕಿದ್ಲಂತೆ. ನಾನು ಹೊರಟ ಮೇಲೂ ನೀನು ಬಾಗಿಲಲ್ಲೇ ನಿಂತು ನೋಡ್ತಿದ್ದೆ. ಅವಳು ಕಿಟಕಿಯಿಂದ ನಿನ್ನನ್ನ ನೋಡಿದ್ಲು. ಇವಳು ಅಷ್ಟು ಹೊತ್ತು ನೋಡ್ತಾಳೆ ಅಂದ್ರೆ ಅವನಲ್ಲಿ ಏನೋ ಇದೆ ಅನ್ನಿಸ್ತಂತೆ. ಮಾರನೇ ದಿನ ಒಪ್ಕೊಂಡ್ಲು." ಭಾವನ ದನಿ ಇಳಿಯಿತು. "ಆಸ್ಪತ್ರೆಯಲ್ಲಿ, ಕೊನೇಲಿ, ಅವಳೇ ಹೇಳಿದ್ದು. ತಂಗೀದನ್ನ ಕಿತ್ಕೊಂಡೆ, ನೀವು ನಂಗೆ ನಿಜವಾಗ್ಲೂ ಇಷ್ಟವೋ ಇಲ್ಲವೋ ಇವತ್ತಿಗೂ ಗೊತ್ತಾಗ್ಲಿಲ್ಲ ಅಂತ ಅತ್ಲು. ಇದನ್ನ ನಿನಗೆ ಯಾವ ಮುಖ ಇಟ್ಕೊಂಡು ಹೇಳಲಿ?"

ತಂಗಿ ಅವನು ಕೆಳಗಿಟ್ಟ ತಟ್ಟೆಯನ್ನೆತ್ತಿ ಒರೆಸತೊಡಗಿದಳು. ನೋಡಿದವಳು ಯಾರು, ಆರಿಸಿದವಳು ಯಾರು ಎಂಬುದನ್ನೇ ತಿರುವುಮುರುವು ಮಾಡಿಕೊಂಡಿದ್ದಳು, ಅದೂ ದಿನಬೆಳಗಾದರೆ ಅದೇ ಕೆಲಸ ಮಾಡುವವಳು! ಸತ್ತ ಅಕ್ಕ ತನ್ನನ್ನು ಕಾಡುತ್ತಿದ್ದಾಳೆ ಎಂದುಕೊಂಡಿದ್ದಳು. ಬದುಕಿದ್ದ ಅಕ್ಕನನ್ನು, ಅವಳ ಸಂಸಾರ ಇದ್ದಷ್ಟು ದಿನವೂ, ಕಾಡಿದ್ದು ತಾನು.

ಭಾವ ಕಾಯುತ್ತಿದ್ದ. ಆಸೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಅದು ತನ್ನದೇ, ಮೊದಲಿನಿಂದಲೂ ತನ್ನದೇ. ಅವಳಿಗೆ ಹೆದರಿಕೆಯಾದದ್ದೂ ಅದಕ್ಕೇ: ಇನ್ನು ಅದನ್ನು ಅಕ್ಕನ ಮೇಲೆ ಹೊರಿಸುವಂತಿರಲಿಲ್ಲ.

"ಹೂಂ," ಎಂದಳು. ಆಮೇಲೆ, ಅಕ್ಕ ಹೋದ ಮೇಲೆ ಮೊದಲ ಬಾರಿಗೆ, ಬಿಕ್ಕಿ ಬಿಕ್ಕಿ ಅತ್ತಳು.