ಇಂಗಿಲ್ಲದ ಸಾರು

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಅಂತಾರೆ. ನನ್ನ ಹೆಂಡತಿ ವೇದಾ ಇಂಗು ಹಾಕುವುದನ್ನೇ ಮರೆಯತೊಡಗಿದ್ದಳು. ಮೊದಲು ಸಾರಿನ ಘಮ ಹೋಯಿತು, ಆಮೇಲೆ ಕಾಫಿಯದು. ಬೇರೆಯವರ ಮನೆಯಲ್ಲಾದರೆ ಇದು ಜಗಳದ ವಿಷಯ. ನನಗೆ ಭಯವಾಯಿತು.

ವಿಮಾ ಕಂಪನಿ ನನ್ನನ್ನು ಮೈಸೂರಿನಿಂದ ವಡೋದರಾಕ್ಕೆ ವರ್ಗ ಮಾಡಿದಾಗ ವೇದಾ ಅಲ್ಲಿನ ಗೋರ್ವಾ ಬಡಾವಣೆಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಕಾರ್ಖಾನೆಗಳು ಕಳಿಸುವ ಲೋಹದ ಪುಡಿಯನ್ನು, ಒಂದೊಂದು ಕಣ ಕಣ್ಣಿಗೇ ಕಾಣದಷ್ಟು ಸೂಕ್ಷ್ಮವಾದದ್ದನ್ನು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಕೋಶಗಳ ಮೇಲೆ ಹಾಕಿ ನೋಡುವುದು ಅಲ್ಲಿನ ಕೆಲಸ. ಒಮ್ಮೆ ಫೋನಿನಲ್ಲಿ ಚಿತ್ರ ತೋರಿಸಿದಳು. ಕೋಶಗಳು ಕೈ ಚಾಚಿ ಒಂದನ್ನೊಂದು ಹಿಡಿದುಕೊಂಡಿದ್ದವು. ಮುಂದಿನ ಚಿತ್ರದಲ್ಲಿ ಕೈಗಳಿರಲಿಲ್ಲ.

“ಪುಡಿ ಬಿದ್ದ ತಕ್ಷಣ ಸಾಯಲ್ಲ ಕಣ್ರೀ. ಮೊದ್ಲು ಕೈ ಎಳ್ಕೊಳ್ತವೆ. ಪಕ್ಕದವ್ರು ಯಾರು ಅಂತ್ಲೇ ಗೊತ್ತಿಲ್ದೋರ ಹಾಗೆ ಕೂತ್ಬಿಡ್ತವೆ.”

“ನಮ್ಮ ಅಪಾರ್ಟ್‌ಮೆಂಟಿನವ್ರ ಹಾಗೆ,” ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಆ ಪುಡಿ ಮೂಗಿನ ನರ ಹಿಡಿದು ನೇರ ಮಿದುಳಿಗೇ ಹೋಗಬಹುದಂತೆ, ಹೋದರೆ ಮೊದಲು ಕೆಡುವುದು ವಾಸನೆ ತಿಳಿಯುವ ಶಕ್ತಿಯಂತೆ.

ಸಾರು ಸಪ್ಪೆಯಾದಾಗ ಈ ಮಾತು ನೆನಪಾಯಿತು. ಅವಳು ಬದಲಾಗಿದ್ದಳು ಕೂಡ. ಊಟದ ನಡುವೆ ಮಾತು ನಿಲ್ಲಿಸಿ, ಯಾರೋ ಅಪರಿಚಿತನನ್ನು ನೋಡುವ ಹಾಗೆ ನನ್ನನ್ನೇ ದಿಟ್ಟಿಸುತ್ತಿದ್ದಳು.

ನನ್ನ ಕೈಲಾದ ಜೋಪಾನ ನಾನು ಮಾಡುತ್ತಲೇ ಇದ್ದೆ. ಲ್ಯಾಬಿನ ಬಿಳಿ ಕೋಟುಗಳನ್ನು ಅಲ್ಲೇ ಒಟ್ಟಿಗೆ ಒಗೆಯುತ್ತಾರೆ. ಹತ್ತು ಜನರ ಮೈಲಿಗೆಯ ಜೊತೆ ನೆನೆದದ್ದನ್ನು ನಮ್ಮ ಮನೆಯವಳು ತೊಡುವುದೇ? ಹಟ ಹಿಡಿದು ಮನೆಗೇ ತರಿಸುತ್ತಿದ್ದೆ. ಅವಳು ಬೇಡವೆಂದು ವಾದ ಮಾಡಿ, ಕಡೆಗೆ ಚೀಲದಿಂದ ತೆಗೆದದ್ದೇ ನೀರಿಗೆ ಹಾಕುವೆನೆಂದು ನನ್ನಿಂದ ಮಾತು ತೆಗೆದುಕೊಂಡಳು. ಅವಳು ಸ್ನಾನಕ್ಕೆ ಹೋದಾಗ ಆ ಕೆಲಸ ಮುಗಿಸಿ, ಆಮೇಲೆ ನಾನೂ ಸ್ನಾನ ಮಾಡುತ್ತಿದ್ದೆ.

ಭಾನುವಾರ ಪರೀಕ್ಷೆ ಮಾಡಿಯೇಬಿಡೋಣವೆಂದು ಹೊಸ ಇಂಗು ತಂದೆ. ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. ಅಂಗಡಿಯವನು ಕಲಬೆರಕೆ ಕೊಟ್ಟನೆಂದು ಬೈದುಕೊಂಡು, ಆದರೂ ನೋಡೋಣವೆಂದು ಡಬ್ಬಿ ಹಿಡಿದು ಅಡುಗೆಮನೆಗೆ ಹೋದೆ. ವೇದಾ ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದಳು.

“ಇಂಗಿನ ಡಬ್ಬಿ ಯಾಕೆ ತೆಗೆದ್ರಿ? ಮುಚ್ರೀ, ತಲೆ ನೋಯತ್ತೆ,” ಎಂದಳು, ತಿರುಗದೆಯೇ.

ನಾನು ಮತ್ತೆ ಮೂಸಿದೆ. ಬೆರಳಲ್ಲಿ ತೆಗೆದು ಮೂಗಿಗೇ ಒತ್ತಿಕೊಂಡೆ.

ವೇದಾ ತಿರುಗಿದಳು. “ಇಂಗಿಲ್ಲ ಇಂಗಿಲ್ಲ ಅಂತೀರಲ್ಲ, ದಿನಾ ಎರಡರಷ್ಟು ಹಾಕ್ತಿದ್ದೆ,” ಎಂದಳು ಮೆಲ್ಲಗೆ. “ರೀ, ಕೋಟು ನೀರಿಗೆ ಹಾಕೋಕೆ ಮುಂಚೆ ಏನ್ಮಾಡ್ತೀರ?”

“ಬಾಲ್ಕನೀಲಿ ಚೆನ್ನಾಗಿ ಒದರ್ತೀನಿ. ಮೈಲಿಗೆ ಬಟ್ಟೆ ಅಲ್ವಾ.”

ದಿನಾ ತಲೆಗೆ ನೀರು ಹಾಕಿಕೊಂಡಿದ್ದೆ. ಉಸಿರಿನ ಜೊತೆ ಒಳಗೆ ಹೋದದ್ದನ್ನು ತೊಳೆಯುವ ಮಡಿ ನನಗೆ ಗೊತ್ತಿರಲಿಲ್ಲ.

ಅವಳ ಕಣ್ಣು ತುಂಬಿತು. ನನ್ನ ಕೈ ಹಿಡಿಯಲು ಕೈ ಚಾಚಿದಳು. ನನ್ನ ಕೈ ತಾನಾಗಿಯೇ ಹಿಂದೆ ಸರಿಯಿತು. ನಾನು ಸರಿಸಲಿಲ್ಲ, ದೇವರಾಣೆ ನಾನು ಸರಿಸಲಿಲ್ಲ.